ಫೈಲಿನಲ್ಲಿ ಎಮ್ಮೆಗೆ ಕಿವಿ ಇಲ್ಲ

ನಮ್ಮದು ಕುಂಬಾರರ ಮನೆ. ಅಪ್ಪ ಇವತ್ತಿಗೂ ತಿಗರಿ ತಿರುಗಿಸುತ್ತಾರೆ. ನಾನು ಮಣ್ಣಿನ ಶಿಲ್ಪ ಮಾಡುತ್ತೇನೆ, ಹುಡುಗರಿಗೆ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಅಂಗೈ ಅಗಲದ ಒಂದು ಎಮ್ಮೆ ಮಾಡಿದ್ದೆ. ಕಾಲು ಮಡಚಿ ಕೂತು ಮೆಲುಕು ಹಾಕುವ ಎಮ್ಮೆ. ಅದನ್ನೇ 60 ಸೆಂಟಿಮೀಟರ್ ಉದ್ದಕ್ಕೆ ಮಾಡಿಕೊಡಿ ಎಂದು ಒಬ್ಬರು ಕೇಳಿದರು. ಕೈಯಲ್ಲೇ ದೊಡ್ಡದು ಮಾಡಲು ಮೂರು ಸಲ ಕೂತೆ. ಮೂರು ಸಲವೂ ಎಮ್ಮೆ ಬಂತು, ಆ ಎಮ್ಮೆ ಬರಲಿಲ್ಲ.

ಆಗ ಒಬ್ಬ ವಿದ್ಯಾರ್ಥಿ ಫೋನ್ ತೆಗೆದ. ಸುತ್ತಲೂ ಫೋಟೋ ತೆಗೆದರೆ ಕಂಪ್ಯೂಟರ್ ಅದನ್ನೆಲ್ಲ ಹೊಲಿದು ಆಕಾರ ಕಟ್ಟುತ್ತದೆ. ಮೊದಲ ಸಲ ಹಸಿ ಮಣ್ಣಿನ ಮೇಲೆ ತೆಗೆದೆವು. ಹೊಳಪಿಗೆ ಎಮ್ಮೆಯ ಬೆನ್ನು ಗುಂಡಿಬಿದ್ದ ರಸ್ತೆಯ ಹಾಗೆ ಬಂತು. ಪೂರ್ತಿ ಒಣಗಿಸಿ, ಮೈಮೇಲೆ ಸುಣ್ಣದ ಚುಕ್ಕೆ ಇಟ್ಟು, ಮೋಡದ ದಿನ ಅಂಗಳದಲ್ಲಿ ತೆಗೆದ ಮೇಲೆ ಸರಿಹೋಯಿತು. ಬ್ಲೆಂಡರ್ ಎನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅದನ್ನು ದೊಡ್ಡದು ಮಾಡುವುದು ಐದು ನಿಮಿಷದ ಕೆಲಸ. ಅದನ್ನು ಅಪ್ಪನಿಗೆ ತೋರಿಸಿದೆ.

"ಮಣ್ಣು ಕುಗ್ತದೆ ಅಂತ ಅದಕ್ಕೆ ಯಾರಾದ್ರೂ ಹೇಳಿದೀರೇನಪ್ಪ?"

ಯಾರೂ ಹೇಳಿರಲಿಲ್ಲ. ನಮ್ಮ ಮಣ್ಣಿನ ಪಟ್ಟಿಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಒಣಗಿಸಿ, ಸುಟ್ಟು ಅಳೆದೆ. 9 ಆಗಿತ್ತು. ಹತ್ತು ಪರ್ಸೆಂಟ್ ಕುಗ್ಗುತ್ತದಲ್ವಾ, ಹತ್ತು ಪರ್ಸೆಂಟ್ ದೊಡ್ಡದು ಮಾಡೋಣ ಎಂದರು ಹುಡುಗರು. ಅಲ್ಲೇ ಎಡವುವುದು. 66 ಮಾಡಿದರೆ ಸುಟ್ಟ ಮೇಲೆ 59.4 ಸಿಗುತ್ತದೆ. 60ನ್ನು 0.9ರಿಂದ ಭಾಗಿಸಬೇಕು. 66.7.

ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಇಟ್ಟು ಆಕಾರ ಕಟ್ಟುವ ನಮ್ಮ 3ಡಿ ಪ್ರಿಂಟರ್ ಚಿಕ್ಕದು. ಹಾಗಾಗಿ ಎಮ್ಮೆಯನ್ನು 14 ತುಂಡು ಮಾಡಿ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಹಾಕಿದೆವು. ಒಂದೊಂದು ತುಂಡಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಯಬೇಕು. ಇಲ್ಲಿ ನಾನೇ ಕೆಟ್ಟೆ. ಪ್ಲಾಸ್ಟಿಕ್ ಉಳಿಸಲು ತುಂಡುಗಳ ಗೋಡೆ ತೆಳ್ಳಗೆ ಇಟ್ಟಿದ್ದೆ, ಪ್ಲಾಸ್ಟರನ್ನು ದಪ್ಪಗೆ ಒಂದೇ ಸಲ ಸುರಿದೆ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ನಾವು ಪ್ರಿಂಟ್ ಹಾಕಿದ ಪಿಎಲ್‌ಎ ಎನ್ನುವ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಎಮ್ಮೆಯ ಹೊಟ್ಟೆ ಒಳಕ್ಕೆ ಸೇರಿಕೊಂಡು ಬರಗಾಲದ ಎಮ್ಮೆ ಆಯಿತು. ಆಮೇಲೆ ಗೋಡೆ ದಪ್ಪ ಮಾಡಿ, ಒಳಗೆ ಮರಳು ತುಂಬಿ, ಪ್ಲಾಸ್ಟರನ್ನು ಎರಡು ಸಲಕ್ಕೆ ಸುರಿದೆವು.

ಅಲ್ಲಿಂದ ಮುಂದೆ ಕಂಪ್ಯೂಟರ್‌ಗೆ ಕೆಲಸ ಇಲ್ಲ. ಬೆರಳಿನಷ್ಟು ದಪ್ಪ ಮಣ್ಣನ್ನು ಅಚ್ಚಿಗೆ ಒತ್ತಬೇಕು. ಪ್ಲಾಸ್ಟರ್ ನೀರು ಹೀರಿಕೊಂಡಂತೆ ಮಣ್ಣು ತಾನೇ ಬಿಟ್ಟುಕೊಳ್ಳುತ್ತದೆ. ಯಾವಾಗ ತೆಗೆಯಬೇಕು ಎನ್ನುವುದಕ್ಕೆ ಗಡಿಯಾರ ನೋಡಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಒಂದು ಲೆಕ್ಕ, ಏಪ್ರಿಲ್‌ನಲ್ಲಿ ಇನ್ನೊಂದು. ಅಪ್ಪ ಬೆರಳಿನ ಹಿಂಬದಿ ತಾಗಿಸಿ "ಇನ್ನೂ ಹದ ಬಂದಿಲ್ಲ" ಎನ್ನುತ್ತಾರೆ. ಹುಡುಗರಿಗೆ ನಾನು ಅತಿ ಜಾಸ್ತಿ ಹೊತ್ತು ಕಲಿಸುವುದು ಇದನ್ನೇ. ಬ್ಲೆಂಡರ್ ಅವರು ಯೂಟ್ಯೂಬ್ ನೋಡಿ ಕಲಿತುಬಿಡುತ್ತಾರೆ.

ಜೋಡಿಸುವ ಅಂಚುಗಳನ್ನು ಗೀರಿ, ಮಣ್ಣಿನ ಗಂಜಿ ಬಳಿದು ಕೂಡಿಸಿದೆವು. ಪ್ರಿಂಟರಿನ ಸಣ್ಣ ಗೆರೆಗಳು ಮಣ್ಣಿಗೂ ಬಂದಿದ್ದವು, ಒದ್ದೆ ಸ್ಪಾಂಜಿನಲ್ಲಿ ಒರೆಸಿದೆ. ಹೊಟ್ಟೆಯಡಿ ಗಾಳಿಗೆ ತೂತು. ಪ್ಲಾಸ್ಟಿಕ್ ಹೊದಿಸಿ ಮೂರು ವಾರ ಒಣಗಿಸಿದೆವು. ಸುಡುವಾಗ 600 ಡಿಗ್ರಿ ದಾಟುವವರೆಗೂ ಬಲು ನಿಧಾನ. 573ರ ಹತ್ತಿರ ಮಣ್ಣಿನೊಳಗಿನ ಕ್ವಾರ್ಟ್ಜ್ ಎನ್ನುವ ಖನಿಜ ದಿಢೀರನೆ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಅವಸರ ಮಾಡಿದರೆ ಬಿರುಕು.

ಭಟ್ಟಿ ತೆರೆದಾಗ ಎಮ್ಮೆ ಸರಿಯಿತ್ತು, ಎಡಗಿವಿ ಬಿದ್ದಿತ್ತು. ತೆಳ್ಳಗಿದ್ದ ಕಿವಿ ಮೈಗಿಂತ ಬೇಗ ಒಣಗಿ, ಬುಡದಲ್ಲಿ ಬಿರಿದಿತ್ತು. ಈಗ ಫೈಲಿನಲ್ಲಿ ಎಮ್ಮೆಗೆ ಕಿವಿಯೇ ಇಲ್ಲ. ಮೈ ಹದಕ್ಕೆ ಬಂದ ದಿನ ಅದೇ ಹದದ ಮಣ್ಣಿನಲ್ಲಿ ಹುಡುಗರು ಕಿವಿ ಮಾಡಿ ಅಂಟಿಸುತ್ತಾರೆ. ಹೋದ ತಿಂಗಳು ಒಬ್ಬಳು ಮಾಡಿದ ಕಿವಿ ಕತ್ತೆಯದ್ದರಷ್ಟು ಉದ್ದವಿತ್ತು. ಅಪ್ಪ ನೋಡಿ ನಕ್ಕರು, ತೆಗೆಯಲು ಬಿಡಲಿಲ್ಲ.