ಸ್ಮಾರಕದ ಚಿತ್ರ ಮುಟ್ಟುವ ಮುಂಚೆ ತೋಟದ ನೀರು ನೋಡಿ

ಸ್ವಯಂಸೇವಕರು ಬ್ರಷ್ಷು, ಬಕೆಟ್ಟು ಹಿಡಿದು ಉತ್ಸಾಹದಿಂದ ಬಂದು ನಿಲ್ಲುತ್ತಾರೆ. ನಾನು ಮೊದಲು ಬ್ರಷ್ಷುಗಳನ್ನೆಲ್ಲ ಇಸಿದುಕೊಂಡು ಪಕ್ಕಕ್ಕಿಡುತ್ತೇನೆ. ಟೈಲ್ಸ್ ಕೆಲಸದಲ್ಲೇ ಕೂದಲು ಬೆಳ್ಳಗಾದವನು ನಾನು. ತೀರಿಹೋದವರ ನೆನಪಿಗೆ ಜನರೇ ಸೇರಿ ಚೂರು ಟೈಲ್ಸ್ ಅಂಟಿಸಿ ಮಾಡಿದ ಮೊಸಾಯಿಕ್ ಗೋಡೆಗಳು, ಅವುಗಳ ಮುಂದೊಂದು ಸಣ್ಣ ತೋಟ. ಇಂಥದ್ದನ್ನು ಸರಿಮಾಡಲು ಕರೆದರೆ ಈಗಲೂ ಹೋಗುತ್ತೇನೆ. ಚೂರು ಉದುರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾಕೆ ಉದುರಿತು ಅಂತ ಗೊತ್ತಾಗಬೇಕಾದರೆ ಗೋಡೆಯ ಬುಡ ನೋಡಬೇಕು.

ಬುಡದಲ್ಲಿ ಕಾಣುವುದು ಸಾಮಾನ್ಯವಾಗಿ ಇಷ್ಟು: ಗೊಬ್ಬರ, ಮಣ್ಣು ಸುರಿದೂ ಸುರಿದೂ ನೆಲ ಏರಿ ಚಿತ್ರದ ಕೆಳ ಅಂಚಿಗೆ ತಾಗಿರುತ್ತದೆ. ಸ್ಪ್ರಿಂಕ್ಲರ್ ಗಿಡದ ಜೊತೆ ಗೋಡೆಗೂ ನೀರು ಹೊಡೆಯುತ್ತಿರುತ್ತದೆ. ಆ ನೀರು ಗೋಡೆಯೊಳಗೆ ಏರುತ್ತದೆ, ಒಣಗುವಾಗ ಉಪ್ಪನ್ನು ಬಿಟ್ಟುಹೋಗುತ್ತದೆ. ಉಪ್ಪು ಹರಳುಗಟ್ಟುತ್ತಾ ಗಾರೆಯನ್ನು ಒಳಗಿಂದಲೇ ಒಡೆಯುತ್ತದೆ. ಸಂದಿನಲ್ಲಿ ಬಿಳಿ ಪುಡಿ ಕಂಡರೆ ಅದೇ ಗುರುತು. ರಾಸಾಯನಿಕ ಗೊಬ್ಬರವೂ ಹೆಚ್ಚಾಗಿ ಉಪ್ಪೇ ಅಲ್ವಾ, ಅದನ್ನು ಗೋಡೆಯ ಹತ್ತಿರ ಹಾಕಲೇಬೇಡಿ.

ಹಾಗಾಗಿ ಮೊದಲ ಕೆಲಸ ಗುದ್ದಲಿಯದ್ದು. ಚಿತ್ರದ ಕೆಳ ಅಂಚಿಗಿಂತ ಒಂದು ಗೇಣಾದರೂ ಕೆಳಗೆ ಬರುವ ಹಾಗೆ ಮಣ್ಣು ತೆಗೆಯಿರಿ. ನೆಲದ ಇಳಿಜಾರು ಗೋಡೆಯಿಂದ ಆಚೆಗಿರಲಿ. ಬುಡಕ್ಕೆ ತಾಗಿ ಒಂದೂವರೆ ಅಡಿ ಅಗಲ ಜಲ್ಲಿ ಹಾಕಿ, ಅಲ್ಲಿ ಏನನ್ನೂ ನೆಡಬೇಡಿ. ಸ್ಪ್ರಿಂಕ್ಲರ್ ಬದಲು ಡ್ರಿಪ್ ಪೈಪು ಎಳೆಯಿರಿ. ಬಳ್ಳಿ ಹಬ್ಬಿದ್ದರೆ ಎಳೆದು ಕೀಳಬೇಡಿ, ಬೇರಿನ ಜೊತೆ ಟೈಲ್ಸೂ ಕಿತ್ತು ಬರುತ್ತದೆ. ಬುಡದಲ್ಲಿ ಕತ್ತರಿಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಚೂರುಚೂರೇ ಬಿಡಿಸಿ. ಏಣಿ ಹಾಕಿ ಗೋಡೆಯ ನೆತ್ತಿಯನ್ನೂ ನೋಡಿ. ಅಲ್ಲೊಂದು ಸೀಳಿದ್ದರೆ ಪ್ರತಿ ಮಳೆಯೂ ಅದರೊಳಗೇ ಇಳಿಯುತ್ತದೆ.

ಇಷ್ಟಾದ ಮೇಲೆ ಗೋಡೆ ಒಣಗಬೇಕು. ಕೆಲವು ತಿಂಗಳೇ ಹಿಡಿಯಬಹುದು. ಜನಕ್ಕೆ ಬೇಜಾರಾಗುವುದು ಇಲ್ಲೇ. "ಸುಮ್ನೆ ಮಣ್ಣು ಎತ್ತಿದ್ದೇ ಆಯ್ತು" ಅಂತ ಗೊಣಗುತ್ತಾರೆ, ಗೊಣಗಲಿ.

ಕಾಯುವ ಹೊತ್ತಿನಲ್ಲಿ ದಾಖಲೆ ಕೆಲಸ ಮುಗಿಸಿ. ಜಾಗ ಯಾರದ್ದೋ ಅವರ ಒಪ್ಪಿಗೆ ಬರಹದಲ್ಲಿರಲಿ. ಕಲಾವಿದರು ಬದುಕಿದ್ದರೆ ಅವರನ್ನೇ ಹುಡುಕಿ ಕೇಳಿ. ತನ್ನ ಹೆಸರಿಗೆ ಕುಂದು ಬರುವ ಹಾಗೆ ಕೃತಿಯನ್ನು ಬದಲಾಯಿಸಿದರೆ ಆಕ್ಷೇಪಿಸುವ ಹಕ್ಕು ಕಲಾವಿದರಿಗಿದೆ, ಕೃತಿಸ್ವಾಮ್ಯದ ಅಂತಾರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದಲ್ಲಿ 1928ರಿಂದಲೇ ಈ ಮಾತಿದೆ. ಯಾರ ಹೆಸರು ಗೋಡೆ ಮೇಲಿದೆಯೋ ಅವರ ಮನೆಯವರಿಗೂ ಮೊದಲೇ ಹೇಳಿ. ಬುಡದಲ್ಲಿ ಅವರು ಇಟ್ಟ ಪತ್ರ, ಆಟಿಕೆ ಇದ್ದರೆ ಕಸ ಅಂತ ಗುಡಿಸಬೇಡಿ. ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧದ ಸ್ಮಾರಕದಲ್ಲಿ, ಅದು 1982ರದ್ದು, ಜನ ಬಿಟ್ಟುಹೋದ ವಸ್ತುಗಳನ್ನು ಎತ್ತಿ ಜೋಪಾನ ಮಾಡುತ್ತಾರೆ. ನೀವೂ ಫೋಟೋ ತೆಗೆದು, ತಾರೀಖು ಬರೆದು ಪೆಟ್ಟಿಗೆಯಲ್ಲಿಡಿ.

ಗೋಡೆಗೆ ದಾರ ಕಟ್ಟಿ ಚೌಕಗಳಾಗಿ ಭಾಗ ಮಾಡಿ, ನಂಬರ್ ಕೊಟ್ಟು, ಪ್ರತಿಯೊಂದರ ಫೋಟೋ ನೇರ ಎದುರಿನಿಂದ ತೆಗೆಯಿರಿ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿದರೆ ಉಬ್ಬಿದ ಜಾಗಗಳ ನೆರಳು ಎದ್ದು ಕಾಣುತ್ತದೆ. ಆಮೇಲೆ ತಟ್ಟುವ ಕೆಲಸ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ, ಇನ್ನೊಂದು ಕೈ ಅಂಗೈ ಪಕ್ಕದ ಟೈಲ್ಸ್ ಮೇಲಿರಲಿ. ಗಟ್ಟಿ ಇರುವ ಕಡೆ ಸದ್ದು ಚಿಕ್ಕದು, ಗಡುಸು. ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು, ಅಂಗೈಗೂ ಸಣ್ಣಗೆ ಅದುರಿದ್ದು ಗೊತ್ತಾಗುತ್ತದೆ. ಗುರುತನ್ನು ಗೋಡೆ ಮೇಲೆ ಹಾಕಬೇಡಿ, ಫೋಟೋ ಪ್ರಿಂಟ್ ಮೇಲೆ ಬಣ್ಣದ ಪೆನ್ಸಿಲ್‌ನಲ್ಲಿ ಹಾಕಿ. ಉದುರಿದ ಚೂರುಗಳಿಗೆ ಮೊಟ್ಟೆ ಟ್ರೇಗಿಂತ ಒಳ್ಳೆಯ ಪಾತ್ರೆ ನನಗೆ ಸಿಕ್ಕಿಲ್ಲ. ಗುಳಿಗೊಂದು ಚೂರು, ಚೌಕದ ನಂಬರ್ ಸಮೇತ.

ತೊಳೆಯಲು ಮೆತ್ತನೆ ಬ್ರಷ್ಷು, ಸ್ಪಾಂಜ್, ನೀರು ಸಾಕು. ಜಿಡ್ಡಿದ್ದರೆ ಕ್ಷಾರವಿಲ್ಲದ ಮೆದು ಲಿಕ್ವಿಡ್ ಡಿಟರ್ಜೆಂಟಿನ ಕೆಲವು ಹನಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ತೊಳೆದು, ಒಣಗಿದ ಮೇಲೆ ನೋಡಿ. ಬಿಟ್ಟುಕೊಂಡ ಜಾಗಕ್ಕೆ ನೀರು ತಾಗಿಸಬೇಡಿ. ಪಾಚಿಯನ್ನು ಬಿದಿರಿನ ಕಡ್ಡಿಯಿಂದ ಬಿಡಿಸಿ. ಆ್ಯಸಿಡ್ ಬೇಡವೇ ಬೇಡ, ಅದು ಸುಣ್ಣವನ್ನೂ ಸಿಮೆಂಟನ್ನೂ ತಿನ್ನುತ್ತದೆ. ಬ್ಲೀಚು, ತಂತಿ ಬ್ರಷ್ಷು, ಪ್ರೆಶರ್ ವಾಷರ್ ಕೂಡ ಬೇಡ. ಯಾರಾದರೂ ಒಬ್ಬರು ಪ್ರೆಶರ್ ವಾಷರ್ ತಂದೇ ತರುತ್ತಾರೆ, ಅವರನ್ನು ದಾರಿಯ ಕಲ್ಲು ತೊಳೆಯಲು ಕಳಿಸಿ.

ಸಂದು ತುಂಬುವಾಗ ಒಂದೇ ನಿಯಮ. ಗಾರೆ ಟೈಲ್ಸ್‌ಗಿಂತ ಮೆದುವಾಗಿರಬೇಕು. ಗೋಡೆ ಅಲುಗಿದರೆ ಸಂದು ಬಿರುಕು ಬಿಡಲಿ, ಟೈಲ್ಸ್ ಉಳಿಯಲಿ. ಹಳೆಯದು ಸುಣ್ಣದ ಗಾರೆಯಾಗಿದ್ದರೆ ಹೊಸದೂ ಸುಣ್ಣದ್ದೇ, ಒಂದು ಪಾಲಿಗೆ ಸುಮಾರು ಮೂರು ಪಾಲು ಮರಳು. ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬಿಸಿಲು ತಾಗದಂತೆ ಒದ್ದೆ ಗೋಣಿ ಇಳಿಬಿಟ್ಟು ಕ್ಯೂರಿಂಗ್ ಮಾಡಿ. ಎಪಾಕ್ಸಿ ಅನ್ನುವ ಗಡುಸು ಅಂಟು ಬಳಸಿದರೆ ಮುಂದೆ ಬಿಡಿಸುವವರು ಟೈಲ್ಸನ್ನೇ ಒಡೆಯಬೇಕಾಗುತ್ತದೆ. ಮೇಲೆ ಹೊಳೆಯುವ ವಾರ್ನಿಷ್ ಬಳಿಯುವ ಆಸೆಯನ್ನೂ ಬಿಡಿ, ಒಳಗಿನ ತೇವ ಹೊರಬರಲು ದಾರಿ ಇರುವುದಿಲ್ಲ. ಟೈಲ್ಸ್ ಕತ್ತರಿಸುವವರು ನೀರು ಹಾಕಿಕೊಂಡೇ ಕತ್ತರಿಸಿ, ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.

ಚೂರು ಸಿಗದೆ ಹೋದ ಜಾಗದಲ್ಲಿ ಏನಿತ್ತು ಅಂತ ಊಹಿಸಿ ತುಂಬಬೇಡಿ. ಹಳೆಯ ಫೋಟೋ ಇದ್ದರೆ ಸರಿ, ಇಲ್ಲದಿದ್ದರೆ ಅಕ್ಕಪಕ್ಕದ ಬಣ್ಣಕ್ಕೆ ಹೊಂದುವ ಸಾದಾ ಗಾರೆ ಸಾಕು. ಅಗತ್ಯವಿದ್ದಷ್ಟು ಮಾಡಿ, ಆದಷ್ಟು ಕಡಿಮೆ ಬದಲಾಯಿಸಿ ಎನ್ನುವುದು ಹಳೆಯ ತಾಣಗಳನ್ನು ಕಾಪಾಡಲು ಆಸ್ಟ್ರೇಲಿಯಾದಲ್ಲಿ 1979ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿ ಬರ್ರಾ ಚಾರ್ಟರ್‌ನ ದಾರಿ, ನನ್ನದೂ ಅದೇ. ಹೆಸರೊಂದರ ಅಕ್ಷರ ಸೊಟ್ಟಗಿದ್ದರೆ ನೆಟ್ಟಗೆ ಮಾಡಲು ಎಲ್ಲರ ಕೈ ತುರಿಸುತ್ತದೆ. ಅದನ್ನು ಅಂಟಿಸಿದ್ದು ತಂಗಿಯೋ ಮಗನೋ ಆಗಿರಬಹುದು. ಸೊಟ್ಟಗೇ ಇರಲಿ.

ತೋಟಕ್ಕೆ ಬೇರು ಆಳಕ್ಕಿಳಿಯದ, ನೀರು ಜಾಸ್ತಿ ಕೇಳದ ಗಿಡ ಆರಿಸಿ. ಹೆಸರುಗಳು ಮರೆಯಾಗದಷ್ಟು ಎತ್ತರದ್ದಿರಲಿ. ಯಾರೋ ನೆನಪಿಗೆ ನೆಟ್ಟ ಸಸಿ ಗೋಡೆಗೆ ತೀರಾ ಹತ್ತಿರ ಮರವಾಗುತ್ತಿದ್ದರೆ, ಅವರನ್ನು ಕೇಳಿಯೇ, ಬೇರಿನ ಮಣ್ಣುಂಡೆ ಒಡೆಯದಂತೆ ಎತ್ತಿ ದೂರಕ್ಕೆ ನೆಡಿ. ಅವರೇ ಬಂದು ಕೈ ಹಾಕಿದರೆ ಇನ್ನೂ ಒಳ್ಳೆಯದು.

ಉದ್ಘಾಟನೆಗೆ ಬಂದವರಲ್ಲಿ ಮಾರನೆಯ ವರ್ಷಕ್ಕೆ ಯಾರು ಉಳಿಯುತ್ತಾರೆ ಅನ್ನುವುದನ್ನು ಅವತ್ತೇ ಗೊತ್ತುಮಾಡಿ. ಪ್ರಾಗ್‌ನ ಸಂತ ವೀಟ್ ಚರ್ಚಿನ ಹೊರಗೋಡೆಯಲ್ಲಿ 14ನೇ ಶತಮಾನದ ದೊಡ್ಡ ಗಾಜಿನ ಮೊಸಾಯಿಕ್ ಇದೆ. ಎಷ್ಟು ಸಲ ಉಜ್ಜಿದರೂ ಅದು ಮತ್ತೆ ಬೂದುಬಣ್ಣಕ್ಕೆ ತಿರುಗುತ್ತಿತ್ತು. 1990ರ ದಶಕದಲ್ಲಿ ತಜ್ಞರು ಆ ಗಾಜಿಗೆಂದೇ ರೂಪಿಸಿದ ರಕ್ಷಣೆಯ ಲೇಪ ಹಾಕತೊಡಗಿದರು, ಆ ಲೇಪವನ್ನೂ ಆಗಾಗ ನೋಡಿಕೊಳ್ಳಲೇಬೇಕು. ನಿಮ್ಮ ಗೋಡೆಗೆ ಒಂದು ನೋಟ್‌ಬುಕ್ಕು, ಇಬ್ಬರ ಹೆಸರು ಸಾಕು. ಜೋರು ಮಳೆ ಬಂದ ಮಾರನೆ ದಿನ ಜಲ್ಲಿಯಲ್ಲಿ ನೀರು ನಿಂತಿದೆಯಾ ನೋಡಲಿ. ವರ್ಷಕ್ಕೊಮ್ಮೆ ಗೋಡೆಯನ್ನೆಲ್ಲ ತಟ್ಟಿ, ಅದೇ ಪ್ರಿಂಟ್ ಮೇಲೆ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಲಿ.