ಪಿಟೀಲು ಮಾಷ್ಟ್ರ ಜೀವನಚರಿತ್ರೆ ಬರೆಯಲು ಹೊರಟವರಿಗೆ

ಮಾಷ್ಟ್ರಿಗೆ ಎಪ್ಪತ್ತೋ ಎಂಬತ್ತೋ ತುಂಬಿತೆಂದು ಶಿಷ್ಯರು ಅಭಿನಂದನ ಸಂಚಿಕೆಗೆ ಕೈಹಾಕಿದಾಗ ಮೊದಲು ತಯಾರಾಗುವುದು ಸನ್ಮಾನಗಳ ಪಟ್ಟಿ. ಅದನ್ನು ಕೊನೆಗಿಡಿ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಎಂದು ಊರೂರು ಸುತ್ತಿ ಪಾಠ ಹೇಳಿದವರ ಕೆಲಸ ಶಿಷ್ಯರ ಬೆರಳುಗಳಲ್ಲಿ, ಹಳೆಯ ಪಾಠದ ಪುಸ್ತಕಗಳಲ್ಲಿ ಉಳಿದಿರುತ್ತದೆ. ಹುಡುಕಬೇಕಾದ್ದು ಅಲ್ಲಿ.

ಆದರೆ ಇಸವಿಗಳು ಗಟ್ಟಿಯಾಗದೆ ಮುಂದೆ ಹೋಗುವ ಹಾಗಿಲ್ಲ. ಶಾಲೆಯ ದಾಖಲೆಯ ಜನ್ಮದಿನವನ್ನು ಪೂರ್ತಿ ನಂಬಬೇಡಿ. ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿಸಲು ಹೊಂದುವ ಹಾಗೆ ಪ್ರಾಯ ಬರೆಸುವುದು ಹಿಂದೆ ಮಾಮೂಲಾಗಿತ್ತು. ಜಾತಕ ಸಿಕ್ಕರೆ ಒಳ್ಳೆಯದು. ಅದರಲ್ಲಿ ಮಲೆಯಾಳ ಪಂಚಾಂಗದ ಕೊಲ್ಲಂ ವರ್ಷವಿದ್ದರೆ, ಆಗಸ್ಟ್ ನಡುವೆ ಶುರುವಾಗುವ ಸಿಂಹ ಮಾಸದಿಂದ ಡಿಸೆಂಬರ್ ಕೊನೆಯವರೆಗೆ 824, ಜನವರಿಯಿಂದ ವರ್ಷದ ಕೊನೆಯ ತಿಂಗಳಾದ ಕರ್ಕಾಟಕ ಮುಗಿಯುವವರೆಗೆ 825 ಕೂಡಿಸಿದರೆ ಇಸವಿ ಸಿಗುತ್ತದೆ. 1110ರ ಸಿಂಹ ಮಾಸ ಎಂದರೆ 1934ರ ಆಗಸ್ಟ್–ಸೆಪ್ಟೆಂಬರ್. ಪಕ್ಕದಲ್ಲಿ ‘ಭಾವ ಸಂವತ್ಸರ’ ಎಂದಿದ್ದರೆ ಲೆಕ್ಕ ಕೂಡಿತು. ಸಂವತ್ಸರ ಒಂದನ್ನೇ ಹಿಡಿದು ಹೊರಟರೆ 60 ವರ್ಷ ತಪ್ಪೀತು, ಅಜ್ಜನ ಜಾತಕವೂ ಅದೇ ಪೆಟ್ಟಿಗೆಯಲ್ಲಿರುತ್ತದಲ್ಲ!

‘1934ರಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಜನಿಸಿ’ ಎಂದು ಬರೆಯಬೇಡಿ. ಆಗ ಇದು ಮದರಾಸು ಪ್ರಾಂತದ ದಕ್ಷಿಣ ಕನ್ನಡ. ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1984ರ ಮೇ 24ರಂದು. ಹಳೆಯ ಸರ್ಟಿಫಿಕೇಟುಗಳನ್ನು ಯಾವ ಕಚೇರಿಯಲ್ಲಿ ಕೇಳಬೇಕೆಂಬುದೂ ಇದರಿಂದಲೇ ಗೊತ್ತಾಗುತ್ತದೆ.

ಗುರುಪರಂಪರೆ ಬರೆಯುವಾಗ ಎಚ್ಚರ ಹೆಚ್ಚು ಬೇಕು. ‘ಚೌಡಯ್ಯನವರ ಶಿಷ್ಯ’ ಎಂಬ ಎರಡು ಪದದೊಳಗೆ ಗುರುಗಳ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಕಲಿತದ್ದೂ ಇರಬಹುದು, ಎರಡು ಕೀರ್ತನೆ ತಿದ್ದಿಸಿಕೊಂಡದ್ದೂ ಇರಬಹುದು. ಎಲ್ಲಿ, ಎಷ್ಟು ಕಾಲ, ಯಾವ ಕೃತಿ ಎಂದು ಕೇಳಿ. ಮೈಸೂರಿನ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ಪಾಠ ಎಪ್ಪತ್ತರ ದಶಕದ್ದೆಂದು ಯಾರಾದರೂ ಹೇಳಿದರೆ ಅವರ ಶಿಷ್ಯರೊಬ್ಬರ ಹತ್ತಿರ ಕಲಿತದ್ದಿರಬೇಕು. ಮಂಗಳೂರು ಆಕಾಶವಾಣಿಯೂ ಹಾಗೆಯೇ, ಶುರುವಾದದ್ದೇ 1976ರಲ್ಲಿ. ರೇಡಿಯೋದ ಕರಾರು ಪತ್ರ ಉಳಿದಿದ್ದರೆ ತಾರೀಕು ಅದರಲ್ಲೇ ಇರುತ್ತದೆ. ಕೇರಳದ ಗಾನಭೂಷಣ ಸಂಗೀತ ಪರೀಕ್ಷೆಯನ್ನೂ ಕರ್ನಾಟಕದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೂ ಒಂದಕ್ಕೊಂದು ಸಮವೆಂದು ಬರೆಯದೆ ಇದ್ದ ಹೆಸರಿನಲ್ಲೇ ಬರೆಯಿರಿ.

ಇನ್ನು ಮುಖ್ಯವಾದದ್ದು, ಪಾಠ. ‘ಸರಳೆ, ಜಂಟಿ, ದಾಟು, ಅಲಂಕಾರ ಕಲಿಸುತ್ತಿದ್ದರು’ ಎಂದರೆ ಏನೂ ಹೇಳಿದಂತಾಗಲಿಲ್ಲ, ಈ ಆರಂಭದ ಸ್ವರಾಭ್ಯಾಸಗಳನ್ನು ಎಲ್ಲರೂ ಕಲಿಸುತ್ತಾರೆ. ಬೆರಳಿಡಿಸದೆ ಬರೀ ತಂತಿಯ ಮೇಲೆ ಕಮಾನು ಎಳೆಸುತ್ತಿದ್ದದ್ದು ಎಷ್ಟು ದಿನ? ಸ್ವರಕ್ಕೊಂದು ಕಮಾನೋ, ಒಂದೇ ಎಳೆತಕ್ಕೆ ನಾಲ್ಕು ಸ್ವರವೋ? ಮೊದಲು ಹಾಡಿಸಿ ಆಮೇಲೆ ನುಡಿಸಲು ಹೇಳುತ್ತಿದ್ದರೋ? ಸ್ವರವನ್ನು ಆಡಿಸುವ ಗಮಕಕ್ಕೆ ಒಂದೇ ಬೆರಳನ್ನು ಜಾರಿಸಲು ಹೇಳಿದರೋ, ಎರಡು ಬೆರಳು ಬಳಸಲು ಹೇಳಿದರೋ? ಬೇರೆ ಬೇರೆ ದಶಕಗಳಲ್ಲಿ ಕಲಿತ ಕನಿಷ್ಠ ಮೂವರಿಗೆ ಇದೇ ಪ್ರಶ್ನೆಗಳನ್ನು ಕೇಳಿ. ಉತ್ತರ ಬೇರೆ ಬೇರೆ ಬಂದರೆ ಯಾರೋ ತಪ್ಪು ಹೇಳಿದರೆಂದು ತಳ್ಳಿಹಾಕಬೇಡಿ. ಮಾಷ್ಟ್ರು ನಡುವೆ ಕ್ರಮ ಬದಲಿಸಿರಬಹುದು. ಯಾಕೆ ಬದಲಿಸಿದರೆಂದು ಅವರನ್ನೇ ಕೇಳಿ. ಇಡೀ ಚರಿತ್ರೆಯಲ್ಲಿ ಓದಲು ಯೋಗ್ಯವಾದ ಪುಟ ಬಹುಶಃ ಅದೇ.

ಇಸವಿ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ‘ಆಗ ನೀವು ಎಷ್ಟನೇ ಕ್ಲಾಸು? ಯಾವ ಬಸ್ಸಿಗೆ ಬರುತ್ತಿದ್ದಿರಿ?’ ಎಂದು ಕೇಳಿ ನೋಡಿ. ಶಾಲಾ ಕಲೋತ್ಸವದ ಸರ್ಟಿಫಿಕೇಟಿನಲ್ಲಿ ವರ್ಷ ಅಚ್ಚಾಗಿರುತ್ತದೆ.

ಮಾಷ್ಟ್ರು ನುಡಿಸಬಲ್ಲವರಾದರೆ ಅರ್ಧ ಗಂಟೆಯಾದರೂ ವಿಡಿಯೋ ಮಾಡಿ. ಎರಡು ಮೊಬೈಲ್ ಸಾಕು: ಒಂದು ಸ್ವಲ್ಪ ಮೇಲಿನಿಂದ ಎಡಗೈ ಬೆರಳುಗಳಿಗೆ, ಇನ್ನೊಂದು ಕಮಾನಿನ ಕೈ ಪೂರ್ತಿ ಕಾಣುವಂತೆ. ಸಂಗೀತದ ಧ್ವನಿಮುದ್ರಣಕ್ಕೆ ಮೊಬೈಲಿನ ಗದ್ದಲ ತಗ್ಗಿಸುವ ಸೌಲಭ್ಯ ಆಫ್ ಇರಲಿ. ಒಂದೇ ಸಮನೆ ಮೊಳಗುವ ಶ್ರುತಿಯನ್ನು ಅದು ಗದ್ದಲವೆಂದು ತಿಳಿದು ಅಳಿಸುತ್ತದೆ, ಪಿಟೀಲಿನ ದನಿಯೂ ಏರಿಳಿಯುತ್ತದೆ. ಮೈಕು ಒಂದು–ಒಂದೂವರೆ ಮೀಟರ್ ದೂರವಿರಲಿ. ತೀರಾ ಹತ್ತಿರವಾದರೆ ಕಮಾನಿನ ಕರಕರವೇ ಮುಂದಾಗುತ್ತದೆ. ಮಾತಿನ ರೆಕಾರ್ಡಿಂಗ್ ಬೇರೆ ಫೈಲಿನಲ್ಲಿರಲಿ. ತುಳು, ಹವ್ಯಕ, ಮಲೆಯಾಳದ ಮಾತನ್ನು ಬರೆದುಕೊಳ್ಳುವಾಗಲೇ ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಬೇಡಿ. ಬೈಗುಳದ ರುಚಿ ಹೋಗುತ್ತದೆ.

ಅಟ್ಟದ ಕ್ಯಾಸೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಕಂಡರೆ ಹಾಕಬೇಡಿ, ಪ್ಲೇಯರಿನ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹತ್ತುತ್ತದೆ. 90 ನಿಮಿಷದವುಗಳ ಟೇಪು 60ರದ್ದಕ್ಕಿಂತ ತೆಳು, ಮತ್ತೆ ಮತ್ತೆ ಸುತ್ತಿಸಬೇಡಿ. ಪ್ರತಿ ಕ್ಯಾಸೆಟ್ ಆದಮೇಲೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರಸಿ. ಹಳೆಯ ಪ್ಲೇಯರ್ ನೂರಕ್ಕೆ 6ರಷ್ಟು ಬೇಗ ತಿರುಗಿದರೂ ಒಂದನೇ ಶ್ರುತಿ ಅರ್ಧ ಸ್ವರ ಮೇಲೇರಿ ಒಂದೂವರೆಯಾಗಿ ಕೇಳುತ್ತದೆ. ಆ ಕಾಲದಲ್ಲಿ ಮಾಷ್ಟ್ರು ಯಾವ ಶ್ರುತಿಗೆ ಕೂಡಿಸುತ್ತಿದ್ದರೆಂದು ತಿಳಿದುಕೊಂಡು ವೇಗ ಸರಿಪಡಿಸಿ, ತಿದ್ದದ ಮೂಲ ಫೈಲನ್ನೂ ಇಟ್ಟುಕೊಳ್ಳಿ. ಕ್ಯಾಸೆಟ್ಟಿನಲ್ಲಿ ಮಾಷ್ಟ್ರದ್ದು ಪಕ್ಕವಾದ್ಯವಾಗಿ ಮುಖ್ಯ ಕಲಾವಿದರು ಬೇರೆಯವರಿದ್ದರೆ ಹಂಚುವ ಮೊದಲು ಅವರ ಅಥವಾ ಮನೆಯವರ ಒಪ್ಪಿಗೆ ಬೇಕು.

ಅಚ್ಚಿಗೆ ಕೊಡುವ ಮೊದಲು ಪ್ರತಿಯನ್ನು ಮಾಷ್ಟ್ರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರ ಮನೆಯವರೂ ಕೂತಿರಲಿ. ಪಿಟೀಲು ಕೊಂಡ ದುಡ್ಡು ಎಲ್ಲಿಂದ ಬಂತೆಂಬುದು ಸಾಮಾನ್ಯವಾಗಿ ಮನೆಯವರಿಗೇ ಸರಿಯಾಗಿ ಗೊತ್ತಿರುತ್ತದೆ.