ಖಣದ ಫ್ರೇಮು ಊರು ಮುಟ್ಟಬೇಕೆಂದರೆ: ಗಾಜು ಒಡೆಯದಂತೆ ಕಟ್ಟುವುದು ಹೇಗೆ?

ಗುಳೇದಗುಡ್ಡದ ಖಣ, ಅಂದರೆ ಕುಪ್ಪಸ ಹೊಲಿಸುವ ನೇಯ್ಗೆಯ ಬಟ್ಟೆ, ಕೂಡಿಡುವ ಗೀಳು ನನಗೆ ಹಳೆಯದು. ತೇರು, ಸೂರ್ಯನಾರಾಯಣ, ಆನೆಹೆಜ್ಜೆ ಎಂದು ಬಗೆಬಗೆಯ ಚಿತ್ತಾರದ ಖಣಗಳನ್ನು ತ್ರಿಕೋನವಾಗಿ ಮಡಚಿ, ಬಿಳಿ ಬಟ್ಟೆಗೆ ಹೊಲಿದು, ಗಾಜು ಹಾಕಿಸಿದ ದೊಡ್ಡ ಫ್ರೇಮೊಂದು ಬಾಗಲಕೋಟೆಯ ನಮ್ಮ ಪಡಸಾಲೆಯಲ್ಲಿದೆ. ಅದರ ಜೋಡಿಯನ್ನು ಬೆಂಗಳೂರಿನ ತಂಗಿಗೆ ಕಳಿಸಿದ್ದೆ. ಅವಳಿಗೆ ಮುಟ್ಟಿದ್ದು ಗಾಜಿನ ಪುಡಿ. ಒಂದು ಚೂರು ಆನೆಹೆಜ್ಜೆಯ ಮೇಲೆಯೇ ಗೀರಿತ್ತು. ಗಾಜನ್ನು ಸಂಜೆಯೊಳಗೆ ಕೂಡಿಸಿಕೊಡುತ್ತಾರೆ, ಅದೇ ಬಣ್ಣದ ಹಳೆಯ ಖಣವನ್ನು ಎಲ್ಲಿಂದ ತರುವುದು?

ಸುತ್ತುವುದರಲ್ಲಿ ನಾನು ಜಿಪುಣತನ ಮಾಡಿರಲಿಲ್ಲ. ಮಾಡಿದ ತಪ್ಪು ಒಂದೇ: ಮಲಗಿಸಿ ಕಳಿಸಿದ್ದು. ಅಗಲವಾದ ಚಪ್ಪಟೆ ವಸ್ತುವನ್ನು ಮಲಗಿಸಿದರೆ ಅದು ಲಾರಿಯವರ ಕಣ್ಣಿಗೆ ಮೇಜಿನಂತೆ ಕಾಣುತ್ತದೆ. ಮೇಲೊಂದು ಚೀಲ ಬೀಳುತ್ತದೆ, ನಡು ಬಾಗುತ್ತದೆ, ಬಾಗಿದ ಗಾಜು ಸೀಳುತ್ತದೆ. ಅದೇ ಫ್ರೇಮನ್ನು ಅಂಚಿನ ಮೇಲೆ ನಿಲ್ಲಿಸಿದರೆ ಭಾರವನ್ನು ಚೌಕಟ್ಟಿನ ಕಟ್ಟಿಗೆಯೇ ಹೊರುತ್ತದೆ, ಗಾಜಿಗೆ ತಟ್ಟುವುದಿಲ್ಲ. ಗಾಜಂಗಡಿಯವರು ಹಾಳೆಗಳನ್ನು ಯಾವಾಗಲೂ ನಿಲ್ಲಿಸಿಯೇ ಇಡುವುದನ್ನು ನೋಡಿಯೂ ನನಗೆ ಹೊಳೆದಿರಲಿಲ್ಲ.

ಮೊದಲು ಫ್ರೇಮನ್ನು ನಿಲ್ಲಿಸಿ, ಕಿವಿ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಏನಾದರೂ ಸದ್ದಾದರೆ ಹಿಂಬದಿ ಬಿಚ್ಚಿ, ಸಡಿಲಾದ ಹೊಲಿಗೆಯನ್ನು ಬಿಗಿ ಮಾಡಿ. ನಾಣ್ಯ, ಹಿತ್ತಾಳೆ ಬಿಲ್ಲೆಯಂಥ ಭಾರದ ವಸ್ತುಗಳಿದ್ದರೆ ಬಿಡಿಸಿ ಬೇರೆ ಕಟ್ಟುವುದೇ ಲೇಸು. ಗಾಜಿನ ಹಿಂದೆ ಉದುರಿದ ಒಂದೇ ಒಂದು ನಾಣ್ಯ ದಾರಿಯುದ್ದಕ್ಕೂ ಸುತ್ತಿಗೆಯ ಕೆಲಸ ಮಾಡುತ್ತದೆ. ನಾಲ್ಕೂ ಮೂಲೆಯ ಫೋಟೊ ತೆಗೆದಿಟ್ಟುಕೊಳ್ಳಿ, ಪರಿಹಾರ ಕೇಳುವ ದಿನ ಬೇಕಾಗುತ್ತದೆ.

ಗಾಜಿನ ಮೇಲೆ ಮೂಲೆಯಿಂದ ಮೂಲೆಗೆ ಮಾಸ್ಕಿಂಗ್ ಟೇಪ್ ಎಳೆಯಿರಿ, ನಡುವೆ ಇನ್ನೆರಡು ಪಟ್ಟಿ ಅಡ್ಡಡ್ಡ ಹಚ್ಚಿ. ಟೇಪು ಗಾಜು ಒಡೆಯುವುದನ್ನು ತಡೆಯುವುದಿಲ್ಲ, ಒಡೆದ ಚೂರನ್ನು ಬಟ್ಟೆಯ ಮೇಲೆ ಬೀಳದಂತೆ ಹಿಡಿದಿಡುತ್ತದೆ. ಕಂದು ಟೇಪು ಬೇಡ, ಅದರ ಅಂಟು ಬಿಡುವುದಿಲ್ಲ. ಕಟ್ಟಿಗೆಯ ಪಾಲಿಶಿನ ಮೇಲಂತೂ ಯಾವ ಟೇಪನ್ನೂ ಹಚ್ಚಬೇಡಿ. ಕೈಯಲ್ಲಿ ಕಾಸಿದ್ದರೆ ಗಾಜಿನ ಬದಲು ಆಕ್ರಿಲಿಕ್ ಹಾಕಿಸಿ. ಅದಕ್ಕೆ ಗೀರು ಬೇಗ ಬೀಳುತ್ತದೆ, ಆದರೆ ಚೂರಾಗಿ ಖಣ ಕೊಯ್ಯುವ ಭಯ ಕಡಿಮೆ.

ಮೊದಲ ಸುತ್ತು ಬಟರ್ ಪೇಪರಿನದು, ಅಥವಾ ಒಗೆದು ಚೆನ್ನಾಗಿ ಒಣಗಿಸಿದ ಹಳೆಯ ಧೋತರದ್ದು. ಅದರ ಮೇಲೆ ಗುಳ್ಳೆಯ ಪ್ಲಾಸ್ಟಿಕ್, ಗುಳ್ಳೆ ಹೊರಗೆ ಬರುವಂತೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಗುಳ್ಳೆ ನೇರವಾಗಿ ಪಾಲಿಶಿಗೆ ಒತ್ತಿಕೊಂಡರೆ ಉರುಟುರುಟು ಗುರುತು ಉಳಿದುಬಿಡುತ್ತದೆ. ಮಳೆಗಾಲವಾದರೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಒಳಗಿರಲಿ. ಮೂಲೆಗಳಿಗೆ ರಟ್ಟನ್ನು ಮಡಚಿ ಟೊಪ್ಪಿಗೆ ತೊಡಿಸಿ. ಪೆಟ್ಟಿಗೆ ಕೆಳಗೆ ಬಿದ್ದಾಗ ಮೊದಲು ನೆಲಕ್ಕೆ ತಾಗುವುದು ಮೂಲೆಯೇ.

ಪೆಟ್ಟಿಗೆಗೆ ಟಿವಿ ಅಂಗಡಿಯಲ್ಲಿ ಕೇಳಿ. 90 ಸೆಂ.ಮೀ. ಉದ್ದ, 60 ಅಗಲ, 3 ದಪ್ಪದ ಫ್ರೇಮಿಗೆ ಸುತ್ತಲೂ 5 ಸೆಂ.ಮೀ. ಜಾಗ ಬಿಟ್ಟರೆ ಹೊರಗಿನ ಅಳತೆ ಸುಮಾರು 102, 72, 14 ಆಗುತ್ತದೆ. 50 ಇಂಚಿನ ಟಿವಿಯ ಪೆಟ್ಟಿಗೆ ತಂದು ಈ ಅಳತೆಗೆ ಕತ್ತರಿಸಿ. ದೊಡ್ಡದೇ ಇರಲಿ ಎಂದು ಬಿಡಬೇಡಿ, ಯಾಕೆಂದರೆ ಅನೇಕ ಕೊರಿಯರಿನವರು ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5,000ದಿಂದ ಭಾಗಿಸಿ ತೂಕ ಹಿಡಿಯುತ್ತಾರೆ. ತಕ್ಕಡಿಯಲ್ಲಿ ಎಂಟೊಂಬತ್ತು ಕಿಲೋ ತೂಗುವ ಈ ಪೆಟ್ಟಿಗೆಗೆ ಇಪ್ಪತ್ತೂವರೆ ಕಿಲೋದ ಬಿಲ್ಲು ಬರುತ್ತದೆ. ಬಿಟ್ಟ ಜಾಗಕ್ಕೆ ಥರ್ಮೋಕೋಲ್ ಹಾಳೆಗಳನ್ನು ತುರುಕಿ. ಮುಚ್ಚಿದ ಮೇಲೆ ಅಲ್ಲಾಡಿಸಿದರೆ ಒಳಗೆ ಏನೂ ಸರಿಯಬಾರದು. ಕಟ್ಟಿಗೆಯ ಪೆಟ್ಟಿಗೆ ಮಾಡಿಸುವವರು ಮೊಳೆ ಹೊಡೆಸದೆ ಸ್ಕ್ರೂ ಹಾಕಿಸಿ, ಇಲ್ಲವಾದರೆ ಬಡಗಿಯ ಸುತ್ತಿಗೆಗೇ ಗಾಜು ಹೋದೀತು.

ಇನ್ನು ನಿಲ್ಲಿಸುವ ಉಪಾಯ. ಮೊದಲ ಸಲ ‘ಗಾಜು ಇದೆ, ನಿಧಾನ’ ಎಂದು ಮೂರು ಭಾಷೆಯಲ್ಲಿ ಬರೆದು, ಬಾಣ, ಲೋಟದ ಚಿತ್ರ ಎಲ್ಲವನ್ನೂ ಬಿಡಿಸಿದ್ದೆ. ಹಮಾಲರು ಅವಸರದಲ್ಲಿರುತ್ತಾರೆ, ಓದುತ್ತ ನಿಲ್ಲಲು ಅವರಿಗೆ ಪುರಸೊತ್ತಿಲ್ಲ. ಎರಡನೆಯ ಸಲ ಪೆಟ್ಟಿಗೆಗೆ ಗೋಣಿತಾಟು ಹೊದಿಸಿ, ದಬ್ಬಣದಿಂದ ಹೊಲಿದು, ಉದ್ದನೆಯ ಅಂಚಿನ ಮೇಲೆ ದಪ್ಪ ಹಗ್ಗದ ಎರಡು ಹಿಡಿಕೆ ಕೂಡಿಸಿದೆ. ಹಗ್ಗವನ್ನು ಪೆಟ್ಟಿಗೆಯ ತಳದಿಂದ ಸುತ್ತಿ ತಂದು ಹಿಡಿಕೆ ಮಾಡಬೇಕು, ಬರೀ ಗೋಣಿಗೆ ಹೊಲಿದರೆ ಹರಿದು ಬರುತ್ತದೆ. ಹಿಡಿಕೆ ಕಂಡರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಹಿಡಿಕೆ ಹಿಡಿದು ಎತ್ತಿದವರು ಪೆಟ್ಟಿಗೆಯನ್ನು ನಿಲ್ಲಿಸಿಯೇ ಇಳಿಸುತ್ತಾರೆ. ಬಸ್ಸಿನ ಡಿಕ್ಕಿಯಲ್ಲಿ ಕಳಿಸುವುದಾದರೆ ನೀವೇ ಹೋಗಿ ಗೋಡೆಗೆ ಒರಗಿಸಿ ಕಟ್ಟಿಸಿ ಬನ್ನಿ.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವವರಿಗೆ ಒಂದು ಮಾತು. ನೂರು ವರ್ಷ ದಾಟಿದ ಕಲಾವಸ್ತು, ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ.

ಬಿಚ್ಚುವವರಿಗೂ ಹೇಳಿಡಿ. ಗಾಜಿನ ಮುಖ ಯಾವ ಕಡೆ ಇದೆ ಎಂದು ಪೆಟ್ಟಿಗೆಯ ಮೇಲೆ ಬರೆದಿಡಿ, ಬ್ಲೇಡನ್ನು ಅರ್ಧ ಇಂಚಿಗಿಂತ ಆಳಕ್ಕೆ ಇಳಿಸಬಾರದು. ಟೇಪನ್ನು ಜಗ್ಗದೆ, ಗಾಜಿಗೆ ಮಲಗಿಸಿದಂತೆ ಹಿಡಿದು ನಿಧಾನವಾಗಿ ಸುಲಿಯಬೇಕು. ತಂಗಿ ಈ ಸಲ ಅರ್ಧ ತಾಸು ಹಿಡಿದು ಬಿಚ್ಚಿದಳು. ಗೋಣಿತಾಟನ್ನು ಮಾತ್ರ ಮರಳಿ ಕಳಿಸಿಲ್ಲ, ಅವಳ ಬಾಗಿಲಲ್ಲಿ ಕಾಲೊರೆಸಾಗಿದೆಯಂತೆ.